ಗಾಡಿಯೊಳಗೆ ಕೂತು ಅತ್ತೆ ಅಂದದ್ದು

ಆ ಭಾನುವಾರ ಬೆಳಿಗ್ಗೆ ಎರಡು ಹಸುಗಳ ಹಾಲನ್ನು ಅತ್ತೆ ಕರೆದರು, ಇನ್ನೆರಡರದ್ದು ನಾನು ಕರೆದೆ. ಕರಿ ಹಸು ಎಂದಿನಂತೆ ಅವರ ಕೈಗೆ ಮಾತ್ರ ಸಲೀಸಾಗಿ ಹಾಲು ಬಿಟ್ಟಿತು. ಡೈರಿಗೆ ಹಾಲು ಹಾಕಿ ಬಂದು, ಉಪ್ಪಿಟ್ಟು ತಿಂದು, ಪಕ್ಕದ ಮನೆಯವರ ಕಾರು ಕೇಳಿಕೊಂಡು ಮನೆಮಂದಿಯೆಲ್ಲ ಕೆಜಿಎಫ್ ಗಣಿಗಳ ಹತ್ತಿರದ ಕೋರಮಂಡಲ್‌ಗೆ ಹೊರಟೆವು. ಮನೆಮಂದಿ ಎಂದರೆ ಅತ್ತೆ, ನಮ್ಮ ಮನೆಯವರು, ಕಾಲೇಜಿಗೆ ಹೋಗುವ ಮಗಳು, ನಾನು, ಇಷ್ಟೇ.

ನೋಡಲು ಹೊರಟಿದ್ದು ಒಂದು ಗಾಡಿಯನ್ನು. ಒಳಗೇ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ಇರುವ ಗಾಡಿ. ಸಿನಿಮಾದವರು ಶೂಟಿಂಗಿಗೆ ತರುತ್ತಾರಲ್ಲ, ಆ ಕ್ಯಾರವಾನಿನ ಬಡ ತಮ್ಮ ಅನ್ನಬಹುದು. ನಮ್ಮ ಮನೆಯವರು ಕೆಜಿಎಫ್‌ನ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ಒಂದು ವರ್ಷದಿಂದ ಊಟ ಮಾಡುವಾಗಲೂ ಮೊಬೈಲಿನಲ್ಲಿ ಇಂಥ ಗಾಡಿಗಳ ವಿಡಿಯೋ ನೋಡುತ್ತಿದ್ದರು. ಮೊದಮೊದಲು ಅತ್ತೆ ಕ್ಯಾರವಾನ್ ಎಂದರೆ ಊಟದ ಕ್ಯಾರಿಯರ್ ಎಂದೇ ತಿಳಿದಿದ್ದರು. "ಮನೇಲಿ ಮೂರು ಕ್ಯಾರಿಯರ್ ಅವೆ, ಇನ್ನೊಂದ್ಯಾಕ್ಲಾ ನಿಂಗೆ?" ಎಂದು ಮಗನನ್ನು ಕೇಳಿದ್ದರು.

ಗಾಡಿ ಬೇಕೆನ್ನಿಸಿದ್ದು ಅತ್ತೆಯ ಕಾರಣಕ್ಕೇ. ಬೇರೆಯವರು ಮಲಗಿದ ಹಾಸಿಗೆಯಲ್ಲಿ ಅವರು ಮಲಗುತ್ತಿರಲಿಲ್ಲ. ಒಮ್ಮೆ ಮಗ ಮೊಮ್ಮಗಳ ಜೊತೆ ಮೈಸೂರಿಗೆ ಹೋಗಿದ್ದರು. ಲಾಡ್ಜಿನ ರೂಮಿನಲ್ಲಿ ನೆಲದ ಮೇಲೆ ಸೀರೆ ಹಾಸಿಕೊಂಡು ಮಲಗಿ, ಬೆಳಗಿನ ಜಾವ ಎದ್ದು, ಮಾಡಲು ಕೆಲಸವಿಲ್ಲದೆ ಕೆಳಗಿಳಿದು, ಲಾಡ್ಜಿನ ಮುಂದಿನ ಜಾಗವನ್ನೆಲ್ಲ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟಿದ್ದರಂತೆ. ಮ್ಯಾನೇಜರು ಅವರನ್ನು ಹೊಸ ಕೆಲಸದವರು ಎಂದುಕೊಂಡು, ನಾಳೆಯಿಂದ ಹಿಂದುಗಡೆಯೂ ಗುಡಿಸಬೇಕು ಎಂದನಂತೆ. ಈ ಕತೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನೋಡಲಿಲ್ಲ, ಯಾಕೆಂದರೆ ಆಗ ನಾನು ಮನೆಯಲ್ಲಿದ್ದೆ. ನಾಲ್ಕು ಹಸು ಇರುವ ಮನೆಯಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ಊರು ಬಿಡಲು ಆಗುವುದಿಲ್ಲ. ಅವರು ಹೋದರೆ ನಾನು ಉಳಿಯಬೇಕು, ನಾನು ತವರಿಗೆ ಹೋದರೆ ಅವರು ಉಳಿಯಬೇಕು. ಮದುವೆಯಾಗಿ ಬಂದಾಗಿನಿಂದ ಅತ್ತೆ ಮತ್ತು ನಾನು ಜೊತೆಯಲ್ಲಿ ಒಂದು ರಾತ್ರಿಯೂ ಹೊರಗೆ ಕಳೆದಿರಲಿಲ್ಲ.

ಈ ಸಲ ಅದಕ್ಕೂ ದಾರಿಯಾಗಿತ್ತು. ಪಕ್ಕದ ಮನೆಯಾಕೆ ಮುಯ್ಯಿಗೆ ಒಪ್ಪಿದ್ದರು. ನಾವು ಹೋದಾಗ ನಮ್ಮ ಹಸುಗಳನ್ನು ಅವರು ಕರೆಯುವುದು, ಅವರು ತಿರುಪತಿಗೆ ಹೋದಾಗ ಅವರ ಹಸುಗಳನ್ನು ನಾವು ಕರೆಯುವುದು. ಗಾಡಿಯೊಂದು ಆಗಿಬಿಟ್ಟರೆ ಎಲ್ಲರೂ ಒಟ್ಟಿಗೆ ಹೊರಡಬಹುದಿತ್ತು. ಆದರೆ ಮನೆಯಲ್ಲಿ ಏನು ತರಬೇಕಾದರೂ ಅತ್ತೆ ಹೂಂ ಅನ್ನಬೇಕು. ಆ ಭಾನುವಾರ ನಾವು ಹೊರಟಿದ್ದು ಆ ಒಂದು ಹೂಂ ಕೇಳುವುದಕ್ಕೆ.

ಗಾಡಿಯವರು ವಯಸ್ಸಾದ ತಮಿಳರು. ಅವರ ತಂದೆ ಗಣಿಯಲ್ಲಿದ್ದವರು. ಹಳೆಯ ಸ್ಕೂಲ್ ವ್ಯಾನೊಂದನ್ನು ಕೊಂಡು, ಬಂಗಾರಪೇಟೆಯಲ್ಲಿ ಒಳಗೆಲ್ಲ ಮಾಡಿಸಿ, ಹೆಂಡತಿಯ ಜೊತೆ ವೇಳಾಂಕಣ್ಣಿ, ಕನ್ಯಾಕುಮಾರಿ ಎಲ್ಲ ತಿರುಗಿದ್ದರು. ಈಗ ಕಣ್ಣು ಮಂಜಾಗಿ ಓಡಿಸಲು ಆಗುತ್ತಿರಲಿಲ್ಲ. ಕ್ವಾರ್ಟರ್ಸಿನ ಪಕ್ಕ ತಗಡಿನ ಚಪ್ಪರದಡಿ ನಿಲ್ಲಿಸಿ, ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಕೂರದಂತೆ ದಿನಾ ಒರೆಸುತ್ತಿದ್ದರು. ಹೆಣ್ಣು ತೋರಿಸುವವರ ಹಾಗೆ ಗಾಡಿಯನ್ನು ತೋರಿಸಿದರು. ಒಲೆ ಹಚ್ಚಿದರು, ನಲ್ಲಿ ಬಿಟ್ಟರು, ಮಡಿಸುವ ಮಂಚವನ್ನು ಬಿಚ್ಚಿ ತಾವೇ ಒಂದು ಗಳಿಗೆ ಮಲಗಿ ತೋರಿಸಿದರು.

ಅತ್ತೆ ಚಪ್ಪಲಿ ಬಿಟ್ಟು ಹತ್ತಿದರು. ಒಲೆಯ ಮುಂದೆ ನಿಂತರು, ಗೋಡೆ ತಟ್ಟಿದರು, ಕಿಟಕಿಯ ಪರದೆ ಎಳೆದರು. ಪೊರಕೆ ಎಲ್ಲಿ ಇಡೋದು ಎಂದು ಕೇಳಿದರು. ಗಾಡಿಯವರು ಬಾಗಿಲ ಹಿಂದಿನ ಸಂದು ತೋರಿಸಿದರು. ಆಮೇಲೆ ಮಂಚದ ಮೇಲೆ ಕೂತು, ಕಾಲು ಮೇಲೆಳೆದುಕೊಂಡು, ಸುತ್ತ ನೋಡಿ, ಒಂದೇ ಒಂದು ಮಾತು ಅಂದರು. ಅಷ್ಟರಲ್ಲಿ ಮಾರಿಕುಪ್ಪಂ ಕಡೆಯಿಂದ ರೈಲಿನ ಸದ್ದು ಕೇಳಿತು. ಅತ್ತೆ ಇಳಿದು ಚಪ್ಪಲಿ ಮೆಟ್ಟಿಕೊಂಡರು.

ನಮ್ಮ ಮನೆಯವರ ಮುಖ ಸಪ್ಪಗಾಯಿತು. ಗಾಡಿಯವರ ಮುಖವೂ ಇಳಿಯಿತು. ನಾನು ಇದೆಲ್ಲ ವ್ಯಾಪಾರದ ಮುಖ ಅಂದುಕೊಂಡೆ. ಹಸು ಕೊಳ್ಳಲು ಹೋದಾಗಲೂ ನಮ್ಮ ಮನೆಯವರು ಹೀಗೆಯೇ ಮುಖ ಬಾಡಿಸಿಕೊಂಡು, ನಾಲ್ಕು ದಿನ ಸುಮ್ಮನಿದ್ದು, ಆಮೇಲೆ ಹೋಗಿ ಕೊಳ್ಳುತ್ತಾರೆ. ವ್ಯಾಪಾರದ ನಡುವೆ ಹೆಂಡತಿ ಬಾಯಿ ಹಾಕಿದರೆ ಕೆಟ್ಟಿತು ಎಂದು ಸುಮ್ಮನಾದೆ.

ಹಿಂಡಿ, ಬೂಸಾ ತರಬೇಕಿತ್ತು, ಬಂಗಾರಪೇಟೆಗೆ ಹೋದೆವು. ಮಗಳು ಪಾನಿಪುರಿ ಎಂದಳು. ನಮ್ಮಲ್ಲಿ ಪಾನಿಪುರಿಯ ನೀರು ಬರೀ ನೀರಿನಂತೆ ತಿಳಿಯಾಗಿರುತ್ತದೆ, ಬಾಯಿಗೆ ಹಾಕಿಕೊಂಡ ಮೇಲೆ ಗೊತ್ತಾಗುವುದು. ಅತ್ತೆ ಎರಡು ಪ್ಲೇಟು ತಿಂದು, ಕಣ್ಣಲ್ಲಿ ನೀರು ಸುರಿಸಿಕೊಂಡು, ಇನ್ನೊಂದು ಲೋಟ ನೀರು ಬೇಡಿ ಕುಡಿದರು. ಮನೆಗೆ ಬರುವ ತನಕ ಆ ಖಾರದ ಮಾತೇ ಆಯಿತು. ಸಂಜೆ ಎರಡು ಹಸು ಅವರು ಕರೆದರು, ಎರಡು ನಾನು.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು.

ತಿಥಿಯೆಲ್ಲ ಮುಗಿದ ಮೇಲೂ ಗಾಡಿಯ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮನೆಯವರು ವಿಡಿಯೋ ನೋಡುವುದನ್ನು ಬಿಟ್ಟರು. ಕರಿ ಹಸು ನನ್ನನ್ನು ಹತ್ತಿರ ಬಿಟ್ಟುಕೊಳ್ಳದೆ ಒದೆಯುತ್ತಿತ್ತು. ಅತ್ತೆ ಗಡಿಯಾಚೆಯ ಊರಿನವರು, ಜನರ ಜೊತೆ ಕನ್ನಡ ಆಡುತ್ತಿದ್ದರು, ಹಸುಗಳ ಜೊತೆ, ಮತ್ತೆ ತಮ್ಮಷ್ಟಕ್ಕೆ ತಾವು ಆಡಿಕೊಳ್ಳುವಾಗ ಮಾತ್ರ ತೆಲುಗು. ಅದು ನೆನಪಾಗಿ ಒಂದು ದಿನ ನಾನೂ ನನಗೆ ಬಂದಷ್ಟು ತೆಲುಗಿನಲ್ಲಿ ಅದನ್ನು ಬೇಡಿಕೊಂಡೆ. ನನ್ನ ತೆಲುಗು ಕೇಳಿ ಅದಕ್ಕೆ ನಗು ಬಂತೋ ಏನೋ, ಹಾಲು ಬಿಟ್ಟಿತು. ಅವತ್ತು ಕೊಟ್ಟಿಗೆಯಲ್ಲಿ ಕೂತು ನಾನೂ ನಕ್ಕೆ, ಜೊತೆಗೇ ಅತ್ತುಬಿಟ್ಟೆ.

ಕೆಲವು ತಿಂಗಳಾದ ಮೇಲೆ ಗಾಡಿಯವರು ಫೋನು ಮಾಡಿದರು. ಬೆಂಗಳೂರಿನಿಂದ ಯಾರೋ ಬಂದು ಗಾಡಿ ಕೇಳುತ್ತಿದ್ದಾರೆ, ಒಳಗಿನದನ್ನೆಲ್ಲ ಕಿತ್ತು ದೋಸೆ ಹೋಟೆಲು ಮಾಡುತ್ತಾರಂತೆ, ಮನಸ್ಸು ಒಪ್ಪುತ್ತಿಲ್ಲ, ನಿಮ್ಮನ್ನು ಒಂದು ಮಾತು ಕೇಳಿಯೇ ಕೊಡೋಣ ಅಂತ ಫೋನು ಮಾಡಿದೆ ಎಂದರು. ನಮ್ಮ ಮನೆಯವರು, ಕೊಟ್ಟುಬಿಡಿ ಎಂದು ಹೇಳಿ ಫೋನು ಇಟ್ಟರು.

ನಾನು ಯಾಕೆ ಎಂದು ಕೇಳಿದೆ.

"ಅಮ್ಮಾನೇ ಇಲ್ಲ ಅಂದ್ಬುಟ್ಳು. ಈಗ ತಂದು ಏನ್ ಮಾಡಣ?"

"ಯಾವಾಗಂದ್ರು?"

"ಗಾಡಿಯೊಳಗೆ ಕುಂತ್ಕಂಡೇ ಅಂದ್ಲಲ್ಲ. ನೀನೂ ಅಲ್ಲೇ ಇದ್ದೆ."

"ಇಲ್ಲ ಅನ್ಲಿಲ್ಲ ಕಣ್ರೀ," ಎಂದೆ. "ಇಲ್ಲು ಅಂದ್ರು."

ಇಲ್ಲು ಎಂದರೆ ತೆಲುಗಿನಲ್ಲಿ ಮನೆ. ನಮ್ಮ ಮನೆಯವರು ನನ್ನ ಮುಖವನ್ನೇ ನೋಡಿದರು. ಅಷ್ಟು ದಿನ ಒಂದೇ ಮಾತನ್ನು ಇಬ್ಬರೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದೆವು. ನನಗೆ ನಂಬಲಾಗಲಿಲ್ಲ, ಹಾಲಿನ ಜೊತೆ ತೆಲುಗು ಕುಡಿದವರು ಅವರು, ಹೊರಗಿನಿಂದ ಬಂದವಳು ನಾನು. ಆದರೆ ಹುಟ್ಟಿದಾಗಿನಿಂದ ಸೈಕಲ್ಲಿಗೆ, ಮೋಟಾರು ಬೈಕಿಗೆ, ಟಿವಿಗೆ ಮೊದಲು ಬೇಡ ಎನ್ನುವುದನ್ನು ಕೇಳಿಯೇ ಅಭ್ಯಾಸವಾದ ಕಿವಿ ಅವರದು. ಅತ್ತೆಗೋ ಮುಂದಿನ ಹಲ್ಲುಗಳಿರಲಿಲ್ಲ. ಮಾತಿನ ಕೊನೆ ಯಾವಾಗಲೂ ಬಾಯೊಳಗೇ ಉಳಿಯುತ್ತಿತ್ತು.

ನಮ್ಮ ಮನೆಯವರು ಗಾಡಿಯವರಿಗೇ ಮತ್ತೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಅಮ್ಮ ಅವತ್ತು ಏನಂದರು ನೆನಪಿದೆಯೇ ಎಂದು ಕೇಳಿದರು.

"ಅಮ್ಮಾ ಇಲ್ಲೇನ್ನು ಸೊಲ್ಲಿಟ್ಟಾಂಗಳೇ ಸಾರ್," ಎಂದರು ಅವರು. ಅಮ್ಮ ಇಲ್ಲ ಅಂದುಬಿಟ್ಟರಲ್ಲ, ಅವತ್ತೇ ನಾನು ಆಸೆ ಬಿಟ್ಟೆ ಎಂದರು.

ಅವರ ಕಿವಿಗೆ ಅದು ತಮಿಳಾಗಿ ಬಿದ್ದಿತ್ತು. ಒಬ್ಬರಿಗೆ ಕನ್ನಡ, ಒಬ್ಬರಿಗೆ ತಮಿಳು, ನನಗೆ ತೆಲುಗು. ಇಬ್ಬರು ಒಂದು ಕಡೆ, ನಾನೊಬ್ಬಳೇ ಒಂದು ಕಡೆ. ಕೇಳೋಣ ಎಂದರೆ ಅಂದವರು ಇಲ್ಲ. ನಾನು ಕೇಳಿದ್ದೇ ಸರಿ ಎಂದು ಆಣೆ ಮಾಡಲು ಇವತ್ತಿಗೂ ಧೈರ್ಯವಿಲ್ಲ. ಬೇಕು ಎನ್ನುವವರ ಕಿವಿ ಬೇಕಾದ್ದನ್ನೇ ಕೇಳುತ್ತದೆ.

ಆಗ ಓದುತ್ತಾ ಕೂತಿದ್ದ ಮಗಳು ತಲೆ ಎತ್ತಿದಳು. ನಮ್ಮ ಮನೆಯಲ್ಲಿ ಅಜ್ಜಿಯನ್ನು ಅವ್ವ ಅನ್ನುವುದು.

"ಅವ್ವ ಯಾವತ್ತಾದ್ರೂ ಬ್ಯಾಡ ಅಂತ ಒಂದೇ ಮಾತಲ್ಲಿ ಅಂದವ್ರಾ ಅಪ್ಪ? ಕಾಲೇಜ್ ಟ್ರಿಪ್ಪಿಗೆ ಬ್ಯಾಡ ಅನ್ನಾಕೆ ಬೆಳಗ್ಗೆಯಿಂದ ಸಂಜೆಗಂಟ ತಗಂಡ್ರು. ನೀರಿಗೆ ಬೀಳ್ತೀಯ, ಕೋತಿ ಕಚ್ತದೆ, ಬಸ್ಸಲ್ಲಿ ವಾಂತಿ ಮಾಡ್ಕಂತೀಯ, ವಾಂತಿ ಮಾಡ್ಕಂಡ್ರೆ ಯಾರು ತೊಳೀತಾರೆ ಅಂತ. ಆ ಗಾಡಿ ಬ್ಯಾಡ ಅಂದಿದ್ರೆ ನಾವಿನ್ನೂ ಕೋರಮಂಡಲಲ್ಲೇ ಕೇಳ್ತಾ ಕುಂತಿರ್ತಿದ್ವಿ."

ನಮ್ಮ ಮನೆಯವರು ಮಗಳ ಕಡೆ ತಿರುಗಿದರು. ಆಮೇಲೆ "ಔದಲ್ಲ" ಎಂದರು. ಮತ್ತೆ "ಮನೆಯೊಳಕ್ಕೆ ಓಗೋರಂಗೆ ಚಪ್ಪಲಿ ಬಿಟ್ಟು ಗಾಡಿ ಅತ್ತಿದ್ಳು" ಎಂದರು. ಆಮೇಲೆ ನಗಲು ಶುರು ಮಾಡಿದರು. ತಾಯಿ ಹೋದ ಮೇಲೆ ಅವರು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಅದೇ ಮೊದಲು. ಫೋನು ಇನ್ನೂ ಸ್ಪೀಕರಿನಲ್ಲೇ ಇತ್ತು. ಆ ಕಡೆಯಿಂದ ಗಾಡಿಯವರು, "ಎನ್ನ ಸಾರ್, ಎನ್ನ ಆಚ್ಚು?" ಎಂದು, ಏನಾಯಿತೋ ಎಂಬ ಗಾಬರಿಯಿಂದ ಕೇಳುತ್ತಲೇ ಇದ್ದರು.

ನಕ್ಕು ಮುಗಿದ ಮೇಲೆ ನಮ್ಮ ಮನೆಯವರು ಇನ್ನೊಂದು ಮಾತು ಎತ್ತಿದರು. ಗಾಡಿ ಬೇಕಾಗಿದ್ದು ಅಮ್ಮನಿಗೆ, ನಮಗೆ ಲಾಡ್ಜಿನಲ್ಲಿ ಮಲಗಲು ಏನು ತೊಂದರೆ, ಮಲಗುವವಳೇ ಇಲ್ಲದ ಮೇಲೆ ಯಾಕೆ ಎಂದರು. ಅದು ಸರಿಯಾದ ಮಾತೇ.

"ನಂಗೆ ಬೇಕು," ಎಂದೆ.

ಮದುವೆಯಾದ ಮೇಲೆ ಇಂಥದು ಬೇಕು ಎಂದು ಬಾಯಿಬಿಟ್ಟು ನಾನು ಕೇಳಿದ್ದು ಕಡಿಮೆ. ಯಾಕೆ ಬೇಕು ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಸರಿಯಾಗಿ ಹೇಳಲು ನನಗೆ ಬರುತ್ತಿರಲಿಲ್ಲ. ಅತ್ತೆ ಮನೆ ಎಂದು ಕರೆದ ಜಾಗದಲ್ಲಿ ಬೇರೆ ಯಾರೋ ದೋಸೆ ಹುಯ್ಯುವುದು ನನಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅತ್ತೆ ಮತ್ತು ನಾನು ಒಟ್ಟಿಗೆ ಇನ್ನೇನು ಹೊರಟೇಬಿಟ್ಟೆವು ಎನ್ನುವಷ್ಟರಲ್ಲಿ ನಿಂತುಹೋದ ಪ್ರಯಾಣ ಅದು. ಅರ್ಧವಾದರೂ ಆಗಲಿ ಅನ್ನಿಸಿತ್ತು.

ಗಾಡಿ ತಂದ ದಿನ ಊರಿನ ಮಕ್ಕಳೆಲ್ಲ ಸುತ್ತಿಕೊಂಡು, ಯಾವ ಹೀರೋ ಬಂದವನೆ ಎಂದು ಬಗ್ಗಿ ಬಗ್ಗಿ ನೋಡಿದರು. ಬಾಗಿಲು ತೆಗೆದು ನಮ್ಮ ಮನೆಯವರು ಇಳಿದಾಗ ಅವರಿಗಾದ ಬೇಸರ ಅಷ್ಟಿಷ್ಟಲ್ಲ. ಪಕ್ಕದ ಮನೆಯಾಕೆ ಆರತಿ ಎತ್ತಿದರು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಗಾಡಿಯವರೂ ಬಂದಿದ್ದರು. ನಮ್ಮ ಮನೆಯವರಿಗೆ ಮತ್ತೊಂದು ಸಲ ಎಲ್ಲ ಹೇಳಿಕೊಟ್ಟು, ಮತ್ತೊಂದು ಸಲ ಮಂಚದ ಮೇಲೆ ಮಲಗಿ ತೋರಿಸಿ, ಊಟ ಮಾಡಿಕೊಂಡು ಹೋದರು.

ಮೊದಲು ಹೋಗಿದ್ದು ಹೊಗೇನಕಲ್‌ಗೆ. ಹೊರಡುವ ಮುಂಚೆ ಪಕ್ಕದ ಮನೆಯಾಕೆಗೆ ಕರಿ ಹಸುವಿನ ಹತ್ತಿರ ತೆಲುಗಿನಲ್ಲೇ ಮಾತಾಡಬೇಕು ಎಂದು ಹೇಳಿದೆ. ಅವರು ನನಗೆ ತಲೆ ಕೆಟ್ಟಿದೆಯೋ ಎಂಬಂತೆ ನೋಡಿದರು. ಸಂಜೆ ಫೋನು ಮಾಡಿ, "ತಾಯೀ, ನಿನ್ ಅಸು ಜೊತೆ ಮಾತಾಡಾಕೆ ಟ್ಯೂಷನ್ನಿಗೆ ಓಗ್ಬೇಕಾ ನಾನು?" ಎಂದರು. ಕೊನೆಗೆ ಫೋನನ್ನೇ ಹಸುವಿನ ಕಿವಿಗೆ ಹಿಡಿಸಿ ನಾನು ಇಲ್ಲಿಂದ ಮಾತಾಡಿದೆ. ಹಾಲು ಬಿಟ್ಟಿತು. ನದಿಯ ಹತ್ತಿರ ಮೀನು ಹುರಿಯುತ್ತಿದ್ದ ಹೆಂಗಸು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ನಮ್ಮ ಮನೆಯವರು ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದರಿಂದ ಪಾತ್ರೆಗಳೆಲ್ಲ ಒಂದೇ ಕಡೆ ಜಾರಿದವು. ಮಗಳು ತೆಪ್ಪದಲ್ಲಿ ಕೂತು ಕಿರುಚಿದಳು, ಇಳಿದ ಮೇಲೆ ಇನ್ನೊಂದು ಸುತ್ತು ಬೇಕೆಂದಳು. ಅನ್ನ, ಮೀನುಸಾರು ಉಂಡು ಮಲಗಿದರೆ ನಿದ್ದೆ ಎಲ್ಲಿಂದ ಬಂತೋ ತಿಳಿಯಲಿಲ್ಲ.

ಬೆಳಗಿನ ಜಾವಕ್ಕೆ ಎಂದಿನಂತೆ ನನಗೆ ಎಚ್ಚರವಾಯಿತು. ಕರೆಯಲು ಹಸುವಿಲ್ಲ, ಬಾಚಲು ಸಗಣಿಯಿಲ್ಲ. ಒಲೆ ಹಚ್ಚಿ ಕಾಫಿ ಮಾಡಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತೆ. ಕತ್ತಲೆಯಲ್ಲಿ ನೀರಿನ ಸದ್ದು ಕೇಳುತ್ತಿತ್ತು, ಹಿಂದೆ ಅಪ್ಪ ಮಗಳು ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ಚೆನ್ನಾಗಿತ್ತು. ಆಮೇಲೆ ಇನ್ನೂ ಹಲವು ಕಡೆ ಹೋಗಿದ್ದೇವೆ, ಎಲ್ಲ ಕಡೆಯೂ ಆ ಹೊತ್ತು ನನಗೆ ಚೆನ್ನಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ನನ್ನ ಜೊತೆ ಎದ್ದಿರುವವರು ಮಾತ್ರ ಯಾರೂ ಇಲ್ಲ.