ನೇರಳೆಗೆ ತಿರುಗಿದ ಬಾಟಲಿ

ಐವತ್ತರ ದಶಕದಲ್ಲಿ ನಾವು ಮುಂಬಯಿಯ ಕುರ್ಲಾದ ಒಂದು ಚಾಳಿನಲ್ಲಿದ್ದೆವು. ಧಾರವಾಡದಿಂದ ನಮ್ಮೊಡನೆ ಬಂದಿದ್ದ ಅತ್ತೆ ಮೆಟ್ಟಿಲಲ್ಲಿ ಜಾರಿ ಬಿದ್ದು, ಬೆನ್ನಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಮೂತ್ರಕ್ಕೆ ರಬ್ಬರ್ ನಳಿಗೆ ಹಾಕಿ, ಅದರ ತುದಿಯನ್ನು ಮಂಚದ ಕೆಳಗಿನ ಗಾಜಿನ ಬಾಟಲಿಗೆ ಇಳಿಬಿಟ್ಟಿದ್ದರು. ಅದು ತುಂಬಿದಾಗಲೆಲ್ಲ ಎತ್ತಿಕೊಂಡು, ನಲ್ಲಿಗೆ ಸಾಲು ನಿಂತ ಹೆಂಗಸರನ್ನು ದಾಟಿ, ಗ್ಯಾಲರಿಯ ಕೊನೆಯ ಸಂಡಾಸಿಗೆ ಚೆಲ್ಲಿ ಬರುವುದು ನನ್ನ ಕೆಲಸ. ಆಗಷ್ಟೇ ಮದುವೆಯಾಗಿ ಬಂದವಳು, ನಾಚಿಕೆಯಿಂದ ತಲೆಯೆತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಾಟಲಿ ಎತ್ತಿದವಳು ಹಾಗೇ ನಿಂತುಬಿಟ್ಟೆ. ಒಳಗಿದ್ದದ್ದು ಅಚ್ಚ ನೇರಳೆ ಬಣ್ಣಕ್ಕೆ ತಿರುಗಿತ್ತು. ಅತ್ತೆಯೂ ನೋಡಿದರು. "ಒಳಗ ಏನೋ ಕೊಳತೈತವಾ. ನಂದು ಮುಗೀತು," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಗಂಡ ಆಗಲೇ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗಿದ್ದರು.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಹೆಂಗಸೊಬ್ಬರಿದ್ದರು. ಅವರ ಗಂಡ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆಯವರು. ಅಳುತ್ತ ಬಾಗಿಲಿಗೆ ಹೋದ ನನ್ನ ಕೈಯಿಂದ ಆಕೆ ಬಾಟಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಮುಖ ಸಿಂಡರಿಸಲಿಲ್ಲ. "ಅಳುವುದು ಆಮೇಲೆ ಮಾಡುವ. ಮೊದಲು ಡಾಕ್ಟ್ರಿಗೆ ತೋರಿಸುವ," ಎಂದು ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಸ್ಟೇಷನ್ ಹತ್ತಿರದ ದವಾಖಾನೆಗೆ ತಾವೇ ಹೊರಟರು.

ಅಲ್ಪಸ್ವಲ್ಪ ಕನ್ನಡ ಬಲ್ಲ ಮರಾಠಿ ಡಾಕ್ಟರು ಮಧ್ಯಾಹ್ನ ಮನೆಗೇ ಬಂದರು. ಇಂಥದ್ದನ್ನು ತಾವೂ ನೋಡಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಸ್ಪತ್ರೆಯ ಹಿರಿಯರನ್ನು ಕೇಳಿಕೊಂಡು ಮರುದಿನ ಮತ್ತೆ ಬಂದರು. ಅದು ರಕ್ತವಲ್ಲ, ವಿಷವೂ ಅಲ್ಲ. ಬಹಳ ದಿನದ ಮಲಬದ್ಧತೆಗೆ ನಳಿಗೆಯ ಕ್ರಿಮಿಗಳು ಸೇರಿಕೊಂಡರೆ ಹೀಗೆ ಬಣ್ಣ ಬರಬಹುದಂತೆ. ಹೊಸ ನಳಿಗೆ ಹಾಕಿ, ಔಷಧ ಕೊಟ್ಟು, ನೀರು ಸಾಕಷ್ಟು ಕುಡಿಯುತ್ತೀರಾ ಎಂದು ಅತ್ತೆಯನ್ನು ಕೇಳಿದರು.

ಅತ್ತೆ ನನ್ನ ಕಡೆ ನೋಡದೆ ಹೇಳಿದರು: "ನೀರ ಕುಡದಷ್ಟೂ ಬಾಟ್ಲಿ ತುಂಬತೈತಿ. ಈ ಹುಡುಗಿ ಎಷ್ಟ ಸಲ ಎಲ್ಲಾರ ಮುಂದ ಹೊತ್ಕೊಂಡ ಹೋಗಬೇಕರಿ?"

ನಾನು ತುಂಬಿಸಿಟ್ಟ ತಂಬಿಗೆಯ ನೀರನ್ನು ಅವರು ಮಂಚದ ಪಕ್ಕದ ಕಿಟಕಿಯಿಂದ ಹೊರಗೆ ಚೆಲ್ಲುತ್ತಿದ್ದರಂತೆ. ನನ್ನ ನಾಚಿಕೆ ಅವರಿಗೆ ಮಲಗಿದಲ್ಲೇ ಕಾಣಿಸಿತ್ತು. ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಅಂದಿನಿಂದ ಬೆಳಗಿನ ಬಾಟಲಿಯನ್ನು ಪಕ್ಕದ ಮನೆಯಾಕೆಯೇ ಒಯ್ಯತೊಡಗಿದರು. ನಾನು ಬೇಡವೆಂದರೂ ಕೇಳಲಿಲ್ಲ. ಅತ್ತೆ ನನ್ನೆದುರಿಗೇ ನೀರು ಕುಡಿಯತೊಡಗಿದರು. ಕ್ರಮೇಣ ಬಣ್ಣ ತಿಳಿಯಾಯಿತು.

ಆ ಡಾಕ್ಟರನ್ನೂ ಆ ನೆರೆಯಾಕೆಯನ್ನೂ ನೆನೆಯದ ದಿನ ಕಡಿಮೆ. ಅವರಿಂದಾಗಿ ಅತ್ತೆ ಮುಂದೆಯೂ ಹಲವು ವರ್ಷ ನಮ್ಮೊಂದಿಗಿದ್ದರು. ನನ್ನ ಮಗಳು ಮಾತು ಕಲಿತದ್ದು ಅವರ ಮಂಚದ ಮೇಲೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು ಇಂದಿಗೂ "ಹೌದ್ರಿ" ಎನ್ನುತ್ತಾಳೆ.