ಪೂಜೆಗಿಟ್ಟ ಆರು ಪೆಟ್ಟಿಗೆಗಳು

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ಅಕ್ಕನ ಮನೆಯಲ್ಲಿ ಆಯುಧಪೂಜೆ ಗರಾಜಿನಲ್ಲೇ ನಡೆಯುತ್ತದೆ. ಆ ವರ್ಷ ಎರಡು ಕಾರು ಮತ್ತು ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಆರು ಉದ್ದನೆಯ ರಟ್ಟಿನ ಪೆಟ್ಟಿಗೆಗಳಿದ್ದವು. ಒಳಗೆ ಬೇಟೆಯ ರೈಫಲ್‌ಗಳು. ಭಾವ ಒಂದೊಂದಕ್ಕೂ ಕುಂಕುಮ ಹಚ್ಚಿದರು. ಕಂಪನಿಯ ಟೇಪು ಹಾಗೆಯೇ ಇತ್ತು.

“ಭಾವ, ಬಿಚ್ಚೇ ಇಲ್ವಲ್ಲ?”

“ಬಿಚ್ಚಿದ್ರೆ ರೇಟ್ ಬಿದ್ದೋಗತ್ತೆ ಕಣಯ್ಯ.”

“ದೇವರಿಗೂ ರಟ್ಟೇ ತೋರಿಸ್ತಾರೆ ನಿಮ್ಮ ಭಾವ,” ಎಂದು ಅಕ್ಕ ನಕ್ಕಳು.

ಮಾರುವುದಕ್ಕೆ ಲೈಸೆನ್ಸ್ ಬೇಡವೇ ಎಂದು ಕೇಳಿದೆ. “ಅದು ಅಂಗಡಿ ಇಟ್ಟೋರಿಗೆ. ವರ್ಷಕ್ಕೆ ಐದಾರು ಮಾರಿದ್ರೆ ಬೇಡ. ಕೊಳ್ಳೋರ ಪೊಲೀಸ್ ಪರ್ಮಿಟ್ ನೋಡ್ದೆ ನಾನು ಒಂದನ್ನೂ ಕೊಟ್ಟಿಲ್ಲ,” ಎಂದರು. ಪರ್ಮಿಟ್ ನೋಡುತ್ತಿದ್ದದ್ದು ನಿಜ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ. ನಾನೊಂದು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ.

ಭಾವ ಮಾರಿದ್ದ ಒಂದು ರೈಫಲ್ ಮುಂದೆ ಕೊಂಡವರ ಮನೆಯಿಂದ ಕಳುವಾಗಿ, ಪೊಲೀಸರ ಕೈಗೆ ಸಿಕ್ಕಿತು. ಅದರ ನಂಬರ್ ಹಿಡಿದು ಮಾರ್ಚ್‌ನಲ್ಲಿ ಫೆಡರಲ್ ಸರ್ಕಾರದ ಅಧಿಕಾರಿಗಳು ಭಾವನ ಮನೆಗೆ ಬಂದರು. ಇವು ವ್ಯಾಪಾರದ ಸರಕಲ್ಲ, ಪೂಜೆ ಮಾಡಿ ಇಟ್ಟುಕೊಂಡವು ಎಂದು ತೋರಿಸಲು ಭಾವ ತಾವೇ ವಾಟ್ಸಾಪಿನಿಂದ ಆ ಫೋಟೋ ಹುಡುಕಿ ಕೊಟ್ಟರು. ಅಧಿಕಾರಿಗಳು ನೋಡಿದ್ದು ಬಿಚ್ಚದ ಟೇಪನ್ನು. ಫೋಟೋ ತೆಗೆದವನು ನಾನಾದ್ದರಿಂದ ನನಗೂ ಕರೆ ಬಂತು.

ಭಾವನದು ಇನ್ನೂ ಗ್ರೀನ್ ಕಾರ್ಡ್, ಪೌರತ್ವ ಸಿಕ್ಕಿರಲಿಲ್ಲ. ಅಪರಾಧ ಸಾಬೀತಾದರೆ ಜೈಲಷ್ಟೇ ಅಲ್ಲ, ದೇಶವನ್ನೂ ಬಿಡಬೇಕಾಗಬಹುದು ಎಂದು ವಕೀಲರು ಹೇಳಿದ್ದರು. ಅಧಿಕಾರಿಗಳ ಕಚೇರಿಗೆ ನನ್ನನ್ನು ಅಕ್ಕನೇ ಕರೆದುಕೊಂಡು ಹೋದಳು. “ನೆನಪಿಲ್ಲ ಅಂದ್ಬಿಡು ಕಣೋ. ಆಯುಧಪೂಜೆ ದಿನದ ಮಾತು ಯಾರಿಗೆ ನೆನಪಿರತ್ತೆ?”

ನನ್ನನ್ನು ವಿಚಾರಿಸಿದ ಅಧಿಕಾರಿ ನನ್ನ ತಾಯಿಯ ವಯಸ್ಸಿನವರು. ಕಾನೂನಿನಲ್ಲಿ ಇಷ್ಟೇ ಬಂದೂಕು ಎಂಬ ಲೆಕ್ಕವಿಲ್ಲ ಎಂದರು. ತಾನು ಬಳಸುತ್ತಿದ್ದದ್ದನ್ನು ಎಂದಾದರೊಮ್ಮೆ ಮಾರಿದರೆ ಅದು ವ್ಯಾಪಾರವಲ್ಲ. ಲಾಭಕ್ಕೆ ಮಾರಲೆಂದೇ ಮತ್ತೆ ಮತ್ತೆ ಕೊಂಡರೆ, ಅಂಗಡಿ ಇಲ್ಲದಿದ್ದರೂ ಡೀಲರ್ ಲೈಸೆನ್ಸ್ ಬೇಕು. ಆಮೇಲೆ ಕೇಳಿದರು: ಪೆಟ್ಟಿಗೆ ಏಕೆ ಬಿಚ್ಚಿಲ್ಲವೆಂದು ಭಾವ ಏನಾದರೂ ಹೇಳಿದ್ದರೇ?

ನಾನು ನೀರು ಕೇಳಿ ಕುಡಿದೆ. ನಂತರ ಭಾವ ಆಡಿದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತು. ಪರ್ಮಿಟ್‌ನ ಮಾತನ್ನೂ ಬರೆದುಕೊಳ್ಳಿ ಎಂದೆ. ಬರೆದುಕೊಂಡರು. ಎರಡು ಸಲ ಓದಿ ಸಹಿ ಹಾಕಿದೆ.

ಅಕ್ಕ ಕಾರಿನಲ್ಲೇ ಕಾಯುತ್ತಿದ್ದಳು.

“ಏನಂದೆ?”

“ಅವರು ಅವತ್ತು ಹೇಳಿದ್ದನ್ನೇ.”

ಅವಳು ಕಾರು ಸ್ಟಾರ್ಟ್ ಮಾಡಿದಳು. ಆಮೇಲೆ ನನ್ನ ಕಡೆ ತಿರುಗದೆ, “ಬೆಲ್ಟ್ ಹಾಕ್ಕೋ,” ಎಂದಳು.