ರದ್ದಿಯಲ್ಲಿ ಬಂದ ಲಕ್ಷ್ಮಿ

ಕಳೆದ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ಹಳಿಯಾಳದ ಸಣ್ಣ ಕಾಗದ ಕಾರ್ಖಾನೆಯೊಂದರಲ್ಲಿ, ರದ್ದಿ ತೂಗುವ ತಕ್ಕಡಿಯ ಎಡಕ್ಕೆ ನಿಂತಿದ್ದೆ. ‘ನಮ್ಮಲ್ಲಿ ಒಂದು ಚೂರೂ ಬಿಡದೆ ಮರುಬಳಕೆ’ ಎಂದು ಮ್ಯಾನೇಜರ್ ಕಾರ್ಖಾನೆ ನೋಡಲು ಬಂದ ಅತಿಥಿಗಳಿಗೆ ಹೇಳುತ್ತಿದ್ದರು. ಅವರ ಬೆನ್ನ ಹಿಂದೆಯೇ ಗೋಡೆಯುದ್ದಕ್ಕೂ ದೇವರ ಹಳೆಯ ಕ್ಯಾಲೆಂಡರುಗಳು. ರದ್ದಿ ಆರಿಸುವ ಗಂಗವ್ವ ಅವನ್ನು ಅರೆಯಲು ಹಾಕದೆ ಎತ್ತಿಟ್ಟಿದ್ದಳು.

“ಈಗಿಂದೀಗ ಯಂತ್ರಕ್ಕ ಹಾಕು. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ,” ಎಂದು, ಅತಿಥಿಗಳ ಕಣ್ಣು ಅತ್ತ ಹೋದದ್ದನ್ನು ಕಂಡ ಮ್ಯಾನೇಜರ್ ಅವಳನ್ನು ಗದರಿದರು.

“ಲಕ್ಷ್ಮವ್ವನ್ನ ಅರಿಯೂ ಧೈರ್ಯ ನನಗಿಲ್ರೀ ಸಾಹೇಬ್ರ. ಮೊದಲನೇದು ನೀವ ಹಾಕ್ರಿ,” ಎಂದು ಗಂಗವ್ವ ಲಕ್ಷ್ಮಿಯ ಚಿತ್ರವನ್ನು ಅವರ ಕೈಗಿಟ್ಟಳು.

ಮ್ಯಾನೇಜರ್ ಯಂತ್ರದ ಬಾಯಿಯವರೆಗೆ ಏಳು ಹೆಜ್ಜೆ ನಡೆದರು. ಅಲ್ಲಿ ಅವರು ಬೂಟು ಕಳಚಿ, ಚಿತ್ರವನ್ನು ಕಣ್ಣಿಗೊತ್ತಿಕೊಂಡು, ತಿರುಗಿ ಬಂದು ಗೋಡೆಗೇ ಒರಗಿಸಿದರು.

ಅತಿಥಿಗಳನ್ನು ಬಿಟ್ಟರೆ ಇದನ್ನು ಕಂಡವರು ನಾನು, ಗಂಗವ್ವ, ರದ್ದಿ ತಂದಿದ್ದ ಲಾರಿ ಡ್ರೈವರ್ ಮಾರುತಿ. ಮೂವರೂ ಬದುಕಿದ್ದೇವೆ, ಗಂಗವ್ವನ ಕೆಲಸವೂ ಬದುಕಿದೆ. ದೇವರ ಸಾಲು ಮಾತ್ರ ಈಗ ಗೇಟಿನವರೆಗೆ ಬಂದಿದೆ.